ಬೆಸುಗೆಗೂ ಒಂದು ಹದ ಉಂಟು

ಆಲೆಮನೆ ನೋಡಿದವರಿಗೆ ಹದ ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಪಾಂಡವಪುರ, ಕೆ.ಆರ್.ಪೇಟೆ ಕಡೆ ಬೆಲ್ಲ ಮಾಡುವವರು ಪಾಕದ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಪರೀಕ್ಷಿಸುತ್ತಾರೆ. ಬೇಗ ಇಳಿಸಿದರೆ ಅಚ್ಚು ಗಟ್ಟಿಯಾಗದು, ತಡವಾದರೆ ಸೀದು ಕಪ್ಪಾಗುತ್ತದೆ. ಮೊಬೈಲ್, ಟಿವಿ, ಕಾರುಗಳ ಸರ್ಕ್ಯೂಟ್ ಬೋರ್ಡ್ ಬೆಸೆಯುವಲ್ಲಿಯೂ ಇದೇ ಹದದ ಪ್ರಶ್ನೆ. ಅದಕ್ಕೆ ಅಲ್ಲಿ ಟೆಂಪರೇಚರ್ ಪ್ರೊಫೈಲ್ ಎನ್ನುತ್ತಾರೆ.

ಇದು ದೂರದ ಚೀನಾದ ಸಂಗತಿ ಮಾತ್ರವಲ್ಲ. 1988ರಲ್ಲಿ ಆರಂಭವಾದ ಕೇನ್ಸ್ ಟೆಕ್ನಾಲಜಿ ಮೈಸೂರಿನ ಬೆಳಗೊಳ ಕೈಗಾರಿಕಾ ಪ್ರದೇಶದಲ್ಲಿದೆ. ಶ್ರೀರಂಗಪಟ್ಟಣದಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಕಾರು, ರೈಲ್ವೆ, ವೈದ್ಯಕೀಯ ಉಪಕರಣಗಳಿಗೆ ಬೇಕಾದ ಬೋರ್ಡುಗಳನ್ನು ಜೋಡಿಸುವ ಈ ಕಂಪನಿ 2022ರ ನವೆಂಬರ್‌ನಲ್ಲಿ ಷೇರು ಮಾರುಕಟ್ಟೆಗೂ ಬಂತು. ಕಾಮರ್ಸ್ ಓದುವ ನಾವು ಅದರ ಷೇರಿನ ಬೆಲೆ ನೋಡುತ್ತೇವೆ, ಒಳಗೆ ಏನು ನಡೆಯುತ್ತದೆ ಎಂದು ಕೇಳುವುದಿಲ್ಲ.

ಇಂಥ ಕಾರ್ಖಾನೆಗಳಲ್ಲಿ ಮೊದಲು ಬೋರ್ಡಿನ ಮೇಲೆ ಸೋಲ್ಡರ್ ಪೇಸ್ಟ್ ಬಳಿಯುತ್ತಾರೆ. ಅದರಲ್ಲಿ ಲೋಹದ ಸಣ್ಣ ಸಣ್ಣ ಗೋಲಿಗಳು ಮತ್ತು ಫ್ಲಕ್ಸ್ ಇರುತ್ತವೆ. ಅದರ ಮೇಲೆ ಯಂತ್ರ ಬಿಡಿಭಾಗಗಳನ್ನು ಇಡುತ್ತದೆ. ಬಳಿಕ ಬೋರ್ಡು ಬೆಲ್ಟಿನ ಮೇಲೆ ಕೂತು ಉದ್ದನೆಯ ರಿಫ್ಲೋ ಓವನ್‌ನೊಳಗೆ ಸಾಗುತ್ತದೆ. ಫ್ಲಕ್ಸ್ ಯಾಕೆ ಎಂದರೆ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ನವಸಾಗರ ಎರಚಿ ಉಜ್ಜುವುದು ಯಾಕೋ ಅದಕ್ಕೇ. ಕಿಲುಬು ಹೋಗದೆ ತವರ ಅಂಟುವುದಿಲ್ಲ.

ಇಂದು ಹೆಚ್ಚು ಬಳಕೆಯಲ್ಲಿರುವ ಬೆಸುಗೆ ಲೋಹವೂ ಬಹುಪಾಲು ತವರವೇ: 96.5 ಭಾಗ ತವರ, 3 ಭಾಗ ಬೆಳ್ಳಿ, ಅರ್ಧ ಭಾಗ ತಾಮ್ರ. ಅದು ಕರಗಲು ಶುರುವಾಗುವುದು 217 ಡಿಗ್ರಿ ಸೆಲ್ಸಿಯಸ್‌ಗೆ. ಹಳೆಯ ತವರ-ಸೀಸದ ಬೆಸುಗೆ 183ಕ್ಕೇ ಕರಗುತ್ತಿತ್ತು. ಸೀಸ ವಿಷವೆಂದು ಯುರೋಪ್ 2006ರ ಜುಲೈ 1ರಿಂದ ಅದನ್ನು ನಿರ್ಬಂಧಿಸಿತು. ಆರೋಗ್ಯಕ್ಕೆ ಒಳ್ಳೆಯದೇ ಆಯಿತು, ಆದರೆ ಓವನ್ ನಡೆಸುವವರ ಕೆಲಸ ಕಷ್ಟವಾಯಿತು. ಲೋಹ ಕರಗುವ ಬಿಸಿಗೂ ಬಿಡಿಭಾಗ ಹಾಳಾಗುವ ಬಿಸಿಗೂ ನಡುವಿನ ಜಾಗ ಕಿರಿದಾಯಿತು.

ಆದ್ದರಿಂದ ಬಿಸಿಯನ್ನು ಒಮ್ಮೆಲೇ ಕೊಡುವಂತಿಲ್ಲ. ಮೊದಲು ಸೆಕೆಂಡಿಗೆ 1ರಿಂದ 3 ಡಿಗ್ರಿಯಂತೆ 150ರವರೆಗೆ ಏರಿಸಬೇಕು. ಅವಸರ ಮಾಡಿದರೆ ಸೆರಾಮಿಕ್ ಕೆಪಾಸಿಟರ್ ಬಿರುಕು ಬಿಡಬಹುದು, ಪೇಸ್ಟ್ ಸಿಡಿಯಬಹುದು. ಮುಂದೆ 150ರಿಂದ 200ರ ನಡುವೆ ಒಂದೆರಡು ನಿಮಿಷ ನೆನೆಯಲು ಬಿಡುತ್ತಾರೆ. ದೊಡ್ಡ ಭಾಗವೂ ಸಣ್ಣ ಭಾಗವೂ ಒಂದೇ ಬಿಸಿಗೆ ಬರಲಿ, ಫ್ಲಕ್ಸ್ ತನ್ನ ಕೆಲಸ ಮಾಡಲಿ ಎಂದು. ಸಣ್ಣ ಭಾಗದ ಒಂದು ತುದಿಯ ಲೋಹ ಇನ್ನೊಂದಕ್ಕಿಂತ ಮೊದಲು ಕರಗಿದರೆ ಅದು ಎಳೆದು ಭಾಗವನ್ನು ನೆಟ್ಟಗೆ ನಿಲ್ಲಿಸುತ್ತದೆ. ನೋಡಲು ಗೋರಿಕಲ್ಲಿನಂತೆ. ಇಂಗ್ಲಿಷಿನವರು ಇಟ್ಟ ಹೆಸರೂ ಅದೇ, ಟೂಂಬ್‌ಸ್ಟೋನ್. ಆಮೇಲೆ 235ರಿಂದ 250ರವರೆಗಿನ ಶಿಖರ. 217ಕ್ಕಿಂತ ಮೇಲೆ ಸಾಮಾನ್ಯವಾಗಿ 60ರಿಂದ 90 ಸೆಕೆಂಡು ಇದ್ದರೆ ಸಾಕು. ಕಡಿಮೆಯಾದರೆ ಬೆಸುಗೆ ಹಿಡಿಯದು. ಹೆಚ್ಚಾದರೆ ತಾಮ್ರ-ತವರದ ನಡುವಿನ ಪದರ ದಪ್ಪವಾಗಿ ಜೋಡಣೆ ಪೆಡಸಾಗುತ್ತದೆ.

ಓವನ್ ಪರದೆ ತೋರಿಸುವ ಅಂಕಿಯನ್ನು ನಂಬುವಂತಿಲ್ಲ. ಅದು ಓವನ್‌ನ ಬಿಸಿ, ಬೋರ್ಡಿನದಲ್ಲ. ದಪ್ಪ ತಳದ ಪಾತ್ರೆ ತಡವಾಗಿ ಕಾಯುವಂತೆ ಹೆಚ್ಚು ತಾಮ್ರವಿರುವ ಬೋರ್ಡೂ ತಡವಾಗಿ ಕಾಯುತ್ತದೆ. ಹಾಗಾಗಿ ಒಂದು ಮಾದರಿ ಬೋರ್ಡಿನ ಅತಿ ಭಾರದ ಭಾಗಕ್ಕೂ ಅಂಚಿನ ಅತಿ ಹಗುರ ಭಾಗಕ್ಕೂ ಥರ್ಮೋಕಪಲ್ ತಂತಿ ಅಂಟಿಸಿ ಓವನ್‌ಗೆ ಬಿಡುತ್ತಾರೆ, ಗ್ರಾಫ್ ನೋಡಿ ವಲಯಗಳ ಬಿಸಿಯನ್ನೋ ಬೆಲ್ಟಿನ ವೇಗವನ್ನೋ ಬದಲಿಸಿ ಮತ್ತೆ ಬಿಡುತ್ತಾರೆ. ವೇಗದ ಲೆಕ್ಕ ನಮಗೂ ಬರುತ್ತದೆ: 3 ಮೀಟರ್ ಬಿಸಿ ಭಾಗದಲ್ಲಿ ಬೆಲ್ಟ್ ನಿಮಿಷಕ್ಕೆ 75 ಸೆಂಟಿಮೀಟರ್ ಓಡಿದರೆ 4 ನಿಮಿಷ. ಉತ್ಪಾದನೆ ಹೆಚ್ಚಲಿ ಎಂದು 90ಕ್ಕೆ ಏರಿಸಿದರೆ 3 ನಿಮಿಷ 20 ಸೆಕೆಂಡು. ಹೋದ ಆ 40 ಸೆಕೆಂಡಿನಲ್ಲಿ ಬೆಸುಗೆಯ ಪಾಲೂ ಇದೆ. ಅಂಥ ಬೋರ್ಡು ಅಂದಿನ ಪರೀಕ್ಷೆಯಲ್ಲಿ ಪಾಸಾಗಿಯೂ ಬಿಡಬಹುದು. ಕೆಟ್ಟು ನಿಲ್ಲುವುದು ಆಸ್ಪತ್ರೆಯ ಯಂತ್ರದೊಳಗೋ ಓಡುವ ಬಸ್ಸಿನೊಳಗೋ.

ಪಿಯುಸಿ ಮುಗಿಸಿ ಮೈಸೂರಿನ ಇಂಥ ಲೈನುಗಳಿಗೆ ಕೆಲಸಕ್ಕೆ ಸೇರುವವರು ನಮ್ಮ ತಾಲ್ಲೂಕುಗಳಲ್ಲೂ ಇದ್ದಾರೆ. ಬೋರ್ಡು ಎತ್ತಿಡುವ ಕೆಲಸದಿಂದ ಮೇಲೆ ಹೋಗಬೇಕೆಂದರೆ ಆ ಗ್ರಾಫ್ ಓದಲು ಬರಬೇಕು ಎಂಬುದು ನನ್ನ ಅಭಿಪ್ರಾಯ. ಅದರಲ್ಲಿರುವುದು ಸಮಯ ಮತ್ತು ಬಿಸಿ, ಎರಡೇ ಅಕ್ಷ.

ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬಿಸಿಗಾಳಿ ಗನ್ ಹಿಡಿದು ಚಿಪ್ ಬದಲಿಸುವುದೂ ಸಣ್ಣ ಪ್ರಮಾಣದ ರಿಫ್ಲೋ. ಒಂದೇ ಕಡೆ, ಒಮ್ಮೆಲೇ ಕಾಯಿಸಿದರೆ ಬೋರ್ಡು ಸೊಟ್ಟಗಾಗಿ ಪಕ್ಕದ ಬೆಸುಗೆಗಳೂ ಸಡಿಲವಾಗಬಹುದು. ಮುಂದಿನ ಸಲ ಫೋನ್ ಕೊಡುವಾಗ ಬೋರ್ಡನ್ನು ಕೆಳಗಿನಿಂದ ನಿಧಾನವಾಗಿ ಕಾಯಿಸುವ ಪ್ರೀಹೀಟರ್ ಅಲ್ಲಿದೆಯೇ ಎಂದು ನೋಡಿ.