ಗಾಳಿಯನ್ನು ಓದುವ ಐದು ಹಂತಗಳು

ಭಾಗಮಂಡಲದಲ್ಲಿ ನಿಂತು ಪಶ್ಚಿಮಕ್ಕೆ ನೋಡಿ. ಸಮುದ್ರಮಟ್ಟದಿಂದ ಸುಮಾರು 1,276 ಮೀಟರ್ ಎತ್ತರದಲ್ಲಿರುವ ತಲಕಾವೇರಿಯ ಬೆಟ್ಟಸಾಲು ಕಾಣುತ್ತದೆ. ಅಲ್ಲಿಂದ ಪ್ಯಾರಾಗ್ಲೈಡರಿನಲ್ಲಿ ಹಾರಿ ಕೆಳಗಿನ ಗದ್ದೆಯಲ್ಲಿ ಇಳಿಯಬಹುದೇ ಎಂದು ವಿದ್ಯಾರ್ಥಿಯೊಬ್ಬ ಕೇಳಿದನೆನ್ನಿ. ನೀವೇನು ಉತ್ತರ ಕೊಡುವಿರಿ? ಸುತ್ತಲಿನದು ವನ್ಯಜೀವಿಧಾಮ, ಆದ್ದರಿಂದ ಇದು ಕಾಗದದ ಮೇಲಿನ ಅಭ್ಯಾಸ ಮಾತ್ರ.

ಪ್ಯಾರಾಗ್ಲೈಡರಿಗೆ ಎಂಜಿನ್ ಇಲ್ಲ. ನಿಶ್ಚಲ ಗಾಳಿಯಲ್ಲಿ ಅದು ಸೆಕೆಂಡಿಗೆ 10 ಮೀಟರ್ ಮುಂದಕ್ಕೂ 1.25 ಮೀಟರ್ ಕೆಳಕ್ಕೂ ಚಲಿಸುತ್ತದೆ ಎಂದುಕೊಳ್ಳೋಣ. 300 ಮೀಟರ್ ಇಳಿಯಲು 240 ಸೆಕೆಂಡು ಬೇಕು; ಅಷ್ಟರಲ್ಲಿ ಅದು 2,400 ಮೀಟರ್ ಕ್ರಮಿಸುತ್ತದೆ. ಸೆಕೆಂಡಿಗೆ 5 ಮೀಟರ್ ವೇಗದ ಎದುರುಗಾಳಿ ಇದ್ದರೆ ಈ ದೂರ 1,200 ಮೀಟರಿಗೆ ಇಳಿಯುತ್ತದೆ. ಎದುರುಗಾಳಿ 10 ಮೀಟರ್ ಆದರೆ ದೂರ ಸೊನ್ನೆ!

ಹಾಗಾದರೆ ಬೆನ್ನಗಾಳಿ ಒಳ್ಳೆಯದಲ್ಲವೇ? ಅಲ್ಲ. ನೆಲ ಬಿಡುವುದು ಗಾಳಿಗೆ ಎದುರಾಗಿಯೇ. ಅಲ್ಲದೆ ಪಶ್ಚಿಮದ ಗಾಳಿ ಬೆಟ್ಟದ ಆಚೆ ಬದಿಯಲ್ಲಿ ಮೇಲೇರಿ, ಭಾಗಮಂಡಲದ ಬದಿಯಲ್ಲಿ ಕೆಳಗಿಳಿಯುತ್ತ ಸುಳಿಗಳನ್ನು ಉಂಟುಮಾಡುತ್ತದೆ. ಪ್ಯಾರಾಗ್ಲೈಡರಿನ ಬಟ್ಟೆಯ ರೆಕ್ಕೆ ತನ್ನೊಳಗೆ ನುಗ್ಗುವ ಗಾಳಿಯ ಒತ್ತಡದಿಂದಲೇ ಆಕಾರ ಪಡೆದಿರುತ್ತದೆ. ಸುಳಿಗೆ ಸಿಕ್ಕಿದರೆ ಅದು ಮಡಚಿಕೊಳ್ಳಬಹುದು. ಈ ಸುಳಿ ಕಣ್ಣಿಗೆ ಕಾಣದು.

ಪೈಲಟ್‌ಗಳಿಗೆ ಹಂತಗಳನ್ನು ಗೊತ್ತುಪಡಿಸಿರುವುದು ಇದಕ್ಕಾಗಿಯೇ. ಅಂತಾರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟದ 'ಪ್ಯಾರಾಪ್ರೊ' ಪದ್ಧತಿಯಲ್ಲಿ ಐದು ಹಂತಗಳಿವೆ. ಮೊದಲನೆಯದು ನೆಲಕ್ಕೆ ಹತ್ತಿರದ ಹಾರಾಟ: ಬಿದ್ದರೂ ಪೆಟ್ಟಾಗದಷ್ಟೇ ಎತ್ತರ. ಎರಡನೆಯದರಲ್ಲಿ ಶಾಂತ ಗಾಳಿಯಲ್ಲಿ ಎತ್ತರದಿಂದ ತೇಲಿ ಇಳಿಯುವುದು, ತಿರುಗುವುದು. ಮೂರನೆಯದರಲ್ಲಿ ರೆಕ್ಕೆಯ ಚಲನೆಯನ್ನು ಕ್ಷಣಕ್ಷಣವೂ ಗ್ರಹಿಸಿ ಅದನ್ನು ಹತೋಟಿಯಲ್ಲಿಡುವುದು. ನಾಲ್ಕನೆಯದರಲ್ಲಿ ಮೇಲೇರುವ ಗಾಳಿಯನ್ನು ಬಳಸಿ ಎತ್ತರ ಗಳಿಸುವುದು. ಐದನೆಯದು ಅಪರಿಚಿತ ಪ್ರದೇಶಗಳ ಮೇಲೆ ದೂರ ಹಾರುವುದು. ಗಟ್ಟಿ ಚೌಕಟ್ಟಿನ ಹ್ಯಾಂಗ್ ಗ್ಲೈಡರಿಗೂ 'ಸೇಫ್‌ಪ್ರೊ' ಎಂಬ ಇಂಥದೇ ಐದು ಹಂತಗಳ ಪದ್ಧತಿಯಿದೆ.

ಗಮನಿಸಿ: ಇವು ಧೈರ್ಯದ ಅಳತೆಗಳಲ್ಲ. ಹಂತ ಏರಿದಂತೆ ಪೈಲಟ್ ಎದುರಿಸುವ ಗಾಳಿ ಹೆಚ್ಚು ಹೆಚ್ಚು ಜಟಿಲವಾಗುತ್ತದೆ. ಅದನ್ನು ಅರಿಯುವ ಸಾಮರ್ಥ್ಯ ಮೊದಲು ಬರಬೇಕು, ಹಾರುವ ಸ್ವಾತಂತ್ರ್ಯ ಆಮೇಲೆ. ಒಂದು ಹಂತವನ್ನು ಬಿಟ್ಟು ನೆಗೆದವನಿಗೆ ತಾನು ಕಲಿಯದೆ ಬಿಟ್ಟ ಪಾಠ ಆಕಾಶದಲ್ಲಿ ಎದುರಾಗುತ್ತದೆ.

ಭಾರತದ 2022ರ ರಾಷ್ಟ್ರೀಯ ವಾಯುಕ್ರೀಡಾ ನೀತಿಯಲ್ಲಿ ಈ ಎರಡೂ ಕ್ರೀಡೆಗಳು ಸೇರಿವೆ. ಪ್ರವಾಸದಲ್ಲಿ ನೀವು ಅಥವಾ ನಿಮ್ಮ ವಿದ್ಯಾರ್ಥಿಗಳು ಪೈಲಟ್ ಜೊತೆ ಹಾರುವುದಾದರೆ ಆತನ ಅರ್ಹತಾಪತ್ರ ಕೇಳಲು ಸಂಕೋಚ ಬೇಡ. ಸಹಪ್ರಯಾಣಿಕರನ್ನು ಕೂರಿಸಿಕೊಂಡು ಹಾರಲು ಪ್ರತ್ಯೇಕ ಅರ್ಹತೆ ಬೇಕು.

ತರಗತಿಯಲ್ಲಿ ಹೀಗೆ ಮಾಡಿ ನೋಡಿ. ಪುಸ್ತಕಗಳ ರಾಶಿಯನ್ನು ಬೆಟ್ಟವೆಂದುಕೊಂಡು ಒಂದು ಬದಿಯಿಂದ ಬೀಸಣಿಗೆಯಲ್ಲಿ ಮೆಲ್ಲಗೆ ಗಾಳಿ ಹಾಕಿ. ಊದುಬತ್ತಿಯನ್ನು ಮೊದಲು ಗಾಳಿ ಬರುವ ಬದಿಯಲ್ಲೂ ಅನಂತರ ಹಿಂಬದಿಯಲ್ಲೂ ಹಿಡಿಯಿರಿ. ಹಿಂಬದಿಯ ಹೊಗೆ ಸುತ್ತುವುದನ್ನು ಕಂಡ ವಿದ್ಯಾರ್ಥಿಗೆ ತನ್ನ ಪ್ರಶ್ನೆಯ ಉತ್ತರ ಸಿಗುತ್ತದೆ: ಪಶ್ಚಿಮದ ಗಾಳಿ ಬೀಸುವ ದಿನ ಭಾಗಮಂಡಲದ ಕಡೆಗೆ ಐದನೇ ಹಂತದ ಪೈಲಟ್ ಕೂಡ ಹಾರುವುದಿಲ್ಲ.