ಒಂದೇ ಮನೆಯ ಗಾಳಿ

ಗುಬ್ಬಿ ಎಂದೊಡನೆ ಹಿರಿಯರಿಗೆ ನೆನಪಾಗುವುದು ಹಾರ್ಮೋನಿಯಂ, ಕಿರಿಯರಿಗೆ ಹೆಲಿಕಾಪ್ಟರು. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪೆನಿಯು ಗುಬ್ಬಿ ವೀರಣ್ಣನವರ (1891–1972) ಕಾಲದಲ್ಲಿ ನಾಡೆಲ್ಲ ಸುತ್ತಿ ರಂಗಗೀತೆಗಳನ್ನು ಮನೆಮನೆಗೆ ಮುಟ್ಟಿಸಿತು. ಅದೇ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಗೊಂಡಿತು. ಹಾಡಿಗೂ ಹಾರಾಟಕ್ಕೂ ನಂಟೇನು? ಎರಡಕ್ಕೂ ಗಾಳಿಯೇ ಆಧಾರ.

ಈ ಮಾತನ್ನು ನನಗೆ ತಿಳಿಯಹೇಳಿದವಳು ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಮಗಳು. ಹೆಲಿಕಾಪ್ಟರುಗಳು ಸಾಮಾನ್ಯವಾಗಿ ಕೆಳಮಟ್ಟದಲ್ಲಿ ಹಾರುವುದರಿಂದ ಒಳಗಿನ ಗಾಳಿಯ ಚಿಂತೆ ಅಷ್ಟಾಗಿ ಇರದು. ಸಿರಿವಂತರ ಖಾಸಗಿ ಜೆಟ್ ವಿಮಾನಗಳ ಪಾಡು ಬೇರೆ. 35,000 ಅಡಿ ಎತ್ತರದಲ್ಲಿ ಗಾಳಿಯ ಒತ್ತಡ ಕಡಲತೀರದ ಒತ್ತಡದ ಸುಮಾರು ಕಾಲುಭಾಗ ಮಾತ್ರ. ಆದುದರಿಂದ ಒಳಕ್ಕೆ ಗಾಳಿಯನ್ನು ಒತ್ತಿ ತುಂಬುತ್ತಿರಬೇಕು. ಅದು ತಟ್ಟನೆ ಸೋರಿಹೋಯಿತೆಂದರೆ ಮನುಷ್ಯನಿಗೆ ಬುದ್ಧಿ ನೆಟ್ಟಗಿರುವುದು ಮೂವತ್ತರಿಂದ ಅರವತ್ತು ಸೆಕೆಂಡು. ಅಷ್ಟರಲ್ಲಿ ಆಮ್ಲಜನಕದ ಮುಖವಾಡ ತೊಟ್ಟು ವಿಮಾನವನ್ನು ಕೆಳಗಿಳಿಸಬೇಕು.

1999ರ ಅಕ್ಟೋಬರ್ 25ರಂದು ಅಮೆರಿಕದ ಹೆಸರಾಂತ ಗಾಲ್ಫ್ ಆಟಗಾರ ಪೇನ್ ಸ್ಟುವರ್ಟ್ ಅವರಿದ್ದ ಲಿಯರ್‌ಜೆಟ್ ವಿಮಾನ ಫ್ಲಾರಿಡಾದ ಒರ್ಲಾಂಡೊದಿಂದ ಹೊರಟಿತು. ಸ್ವಲ್ಪ ಹೊತ್ತಿನಲ್ಲೇ ಕರೆಗೆ ಓಗೊಡುವವರಿಲ್ಲವಾಯಿತು. ಹುಡುಕಿ ಬಂದ ಸೇನಾ ವಿಮಾನದವರಿಗೆ ಕಂಡದ್ದು ಮಂಜುಗಟ್ಟಿದ ಕಿಟಕಿಗಳು. ಸುಮಾರು ನಾಲ್ಕು ಗಂಟೆ ತನ್ನಷ್ಟಕ್ಕೆ ತಾನೇ ಹಾರಿ, ಇಂಧನ ಮುಗಿದು, ಅದು ದಕ್ಷಿಣ ಡಕೋಟಾದ ಹೊಲವೊಂದರಲ್ಲಿ ಬಿದ್ದಿತು. ಒಳಗಿದ್ದ ಆರು ಮಂದಿಯೂ ಉಳಿಯಲಿಲ್ಲ. ಒತ್ತಡ ಹೋದದ್ದೇಕೆಂದು ತನಿಖೆಯಿಂದಲೂ ಇತ್ಯರ್ಥವಾಗಲಿಲ್ಲ.

"ಇದರಲ್ಲಿ ಭಯಂಕರವಾದದ್ದು ಏನು ಗೊತ್ತಾ ಅಪ್ಪ? ಆಮ್ಲಜನಕ ಕಡಿಮೆ ಆದವರಿಗೆ ಎಷ್ಟೋ ಸಲ ಅದು ಗೊತ್ತೇ ಆಗಲ್ಲ. ಎಲ್ಲಾ ಸರಿಯಾಗೇ ಇದೆ ಅನ್ನಿಸುತ್ತೆ" ಎಂದಳು ಮಗಳು. ಅಷ್ಟು ಹೇಳಿ ಇಯರ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಂಡಳು.

ಆಗ ನನಗೆ ಕುಣಿಗಲಿನ ನಮ್ಮ ಹಳೆಯ ಮನೆ ನೆನಪಾಯಿತು. ಸೋದರಮಾವ ಬೆಂಗಳೂರಿನಿಂದ ಹೊಸ ಕ್ಯಾಸೆಟ್ ತಂದ ದಿನ ಪಡಸಾಲೆಯಲ್ಲಿ ಜಾಗವೇ ಸಾಲದು. ಪಕ್ಕದ ಮನೆಯವರೂ ಬಂದು ಕೂರುವರು. ಅಜ್ಜಿ, "ಇದೂ ಒಂದು ಹಾಡೇನೋ?" ಎಂದು ಮೂಗು ಮುರಿಯುವರು; ಮೂರನೆಯ ದಿನ ಅದನ್ನೇ ಗುನುಗುತ್ತ ಸೊಪ್ಪು ಸೋಸುವರು. ಮೆಚ್ಚಿಕೆಯಿರಲಿ, ಜಗಳವಿರಲಿ, ಒಬ್ಬರು ಕೇಳಿದ್ದು ಎಲ್ಲರ ಕಿವಿಗೂ ಬೀಳುತ್ತಿತ್ತು. ಈಗ ನಮ್ಮ ಮನೆಯಲ್ಲಿ ನಾಲ್ವರಿಗೆ ನಾಲ್ಕು ಹಾಡು. ಮಗಳು ಯಾವುದಕ್ಕೆ ಹಿಗ್ಗುತ್ತಾಳೆ, ಯಾವುದಕ್ಕೆ ಕಣ್ಣು ತೇವವಾಗುತ್ತದೆ, ನಾನರಿಯೆ. ಅರಿಯೆನೆಂಬುದೂ ಅಂದಿನವರೆಗೆ ನನಗೆ ಕೊರತೆಯಾಗಿ ತೋರಿರಲಿಲ್ಲ. ಎಲ್ಲವೂ ಸರಿಯಾಗಿಯೇ ಇದೆಯೆಂದುಕೊಂಡಿದ್ದೆ.

"ಏನಮ್ಮ ಕೇಳ್ತಿದ್ದೀಯ?" ಎಂದೆ.

"ನಿಮಗೆ ಹಿಡಿಸಲ್ಲಪ್ಪ."

"ಇರಲಿ, ಹಾಕು."

ಅವಳು ಅನುಮಾನಿಸುತ್ತಲೇ ಅಡಿಗೆಮನೆಯಿಂದ ಬರಿದಾದ ಪಾತ್ರೆಯೊಂದನ್ನು ತಂದು, ಸದ್ದು ದೊಡ್ಡದಾಗಲೆಂದು ಫೋನನ್ನು ಅದರೊಳಗಿಟ್ಟಳು. ನಿಜ ಹೇಳಬೇಕೆಂದರೆ ಹಾಡು ನನಗೆ ಹಿಡಿಸಲಿಲ್ಲ. ಆದರೆ ಅದು ಮುಗಿಯುವ ಹೊತ್ತಿಗೆ ಒಳಕೋಣೆಯಿಂದ ನನ್ನ ತಾಯಿಯ ದನಿ ಕೇಳಿಸಿತು: "ತಮಟೆ ಚೆನ್ನಾಗಿದೆ ಕಣೇ, ಇನ್ನೊಂದ್ಸಲ ಹಾಕು."