ಪದಕ ಅಸಲಿ, ಪಟ್ಟಿ ನಕಲಿ

ಹಳೆಯ ಜರ್ಮನ್ ಸೈನಿಕ ತನಗೆ ಸಂದ ಹಲವು ಪದಕಗಳನ್ನು ರಿಬ್ಬನ್ ಸಮೇತ ಒಂದು ತಗಡಿನ ಪಟ್ಟಿಯ ಮೇಲೆ ಸಾಲಾಗಿ ಹೊಲಿಸಿ, ಸಮಾರಂಭದ ದಿನ ಸಮವಸ್ತ್ರದ ಎಡ ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದ. ಜರ್ಮನ್ನರು ಇದನ್ನು ಆರ್ಡೆನ್ಸ್‌ಶ್ನಾಲೆ ಎನ್ನುತ್ತಾರೆ. ಪದಕ ಕೊಡುತ್ತಿದ್ದುದು ಸರ್ಕಾರ; ಪಟ್ಟಿ ಕಟ್ಟುತ್ತಿದ್ದುದು ದರ್ಜಿ ಅಥವಾ ಪದಕದಂಗಡಿಯವರು. ಆದ್ದರಿಂದ ಪದಕಗಳೆಲ್ಲ ಅಸಲಿಯಾಗಿದ್ದರೂ ಪಟ್ಟಿ ನಕಲಿಯಾಗಿರಬಹುದು. ಸಂಗ್ರಾಹಕರ ಮಾರುಕಟ್ಟೆಯಲ್ಲಿ ಬಿಡಿ ಪದಕಗಳಿಗಿಂತ ಅಪರೂಪದ ಜೋಡಣೆಗೆ ಬೆಲೆ ಹೆಚ್ಚು. ಬೇರೆ ಬೇರೆ ಸೈನಿಕರ ಪದಕಗಳನ್ನು ಕೂಡಿಸಿ, ಇಲ್ಲದ ಒಬ್ಬ ಸೈನಿಕನನ್ನು ಹುಟ್ಟಿಸುವುದೇ ಈ ವ್ಯಾಪಾರದ ದೊಡ್ಡ ಮೋಸ.

ಮೊದಲು ನೋಡಬೇಕಾದದ್ದು ಕಾಲ. ಐರನ್ ಕ್ರಾಸ್ ಎಂಬ ಯುದ್ಧಪದಕ ಸ್ಥಾಪನೆಯಾದದ್ದು 1813ರಲ್ಲಿ. 1870, 1914 ಮತ್ತು 1939ರಲ್ಲಿ ಅದನ್ನು ಮತ್ತೆ ಜಾರಿಗೆ ತಂದರು. ಮೊದಲ ಮಹಾಯುದ್ಧದಲ್ಲಿ ಪಾಲ್ಗೊಂಡವರಿಗೆ ಕೊಟ್ಟ ಗೌರವ ಕ್ರಾಸ್ ಮಾತ್ರ 1934ರ ಜುಲೈನಲ್ಲಿ ಬಂದದ್ದು. ಹಿಂಡೆನ್‌ಬರ್ಗ್ ಕ್ರಾಸ್ ಎಂದೇ ಹೆಸರಾದ ಅದು ಇರುವ ಪಟ್ಟಿ 1934ಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ‘ಕೈಸರ್ ಕಾಲದ್ದು’, ಅಂದರೆ ಮೊದಲ ಮಹಾಯುದ್ಧದೊಂದಿಗೆ ಮುಗಿದ ಜರ್ಮನ್ ಚಕ್ರವರ್ತಿಗಳ ಕಾಲದ್ದು, ಎಂದು ಯಾರಾದರೂ ಮಾರಲು ತಂದರೆ ಆ ಮಾತು ಅಲ್ಲೇ ಬಿದ್ದುಹೋಗುತ್ತದೆ. ವಯಸ್ಸಿನ ಲೆಕ್ಕವೂ ಕೂಡಿಬರಬೇಕು. ಚಕ್ರವರ್ತಿ ಒಂದನೇ ವಿಲ್ಹೆಲ್ಮನ ಜನ್ಮಶತಮಾನೋತ್ಸವಕ್ಕೆ 1897ರಲ್ಲಿ ಕೊಟ್ಟ ಪದಕ ಪಡೆದ ಸೈನಿಕನಿಗೆ 1939ರ ಹೊತ್ತಿಗೆ ಕನಿಷ್ಠ ಅರವತ್ತರ ಆಸುಪಾಸು. ಅವನ ಪಟ್ಟಿಯಲ್ಲಿ ಎರಡನೇ ಮಹಾಯುದ್ಧದ ಪದಕವಿದ್ದರೆ ಅವನು ಹಿರಿಯ ಅಧಿಕಾರಿಯಾಗಿರಬೇಕು. ಹಾಗಿದ್ದಾಗ ಉಳಿದ ಪದಕಗಳೂ ಆ ದರ್ಜೆಗೆ ತಕ್ಕವಾಗಿರಬೇಕು.

ರಿಬ್ಬನ್ನಿನಲ್ಲೂ ಸುಳಿವಿದೆ. 1914ರ ಎರಡನೇ ದರ್ಜೆಯ ಐರನ್ ಕ್ರಾಸ್ ಹೋರಾಡಿದವರಿಗೆ ಬಿಳಿ ಪಟ್ಟೆಯ ಕಪ್ಪು ರಿಬ್ಬನ್ನಿನಲ್ಲಿ, ಉಳಿದವರಿಗೆ ಕಪ್ಪು ಪಟ್ಟೆಯ ಬಿಳಿ ರಿಬ್ಬನ್ನಿನಲ್ಲಿ ಸಿಗುತ್ತಿತ್ತು. ಹಿಂಡೆನ್‌ಬರ್ಗ್ ಕ್ರಾಸ್ ಕತ್ತಿಗಳ ಗುರುತಿನೊಂದಿಗೆ ಬಂದರೆ ಅದು ರಣರಂಗದಲ್ಲಿದ್ದವರದು. ಬಿಳಿ ರಿಬ್ಬನ್ನಿನ ಪಕ್ಕದಲ್ಲೇ ಕತ್ತಿಗಳಿರುವ ಕ್ರಾಸ್ ಕಂಡರೆ ವಿಚಾರಿಸಿ ನೋಡಬೇಕು. ಮೊದಲ ದರ್ಜೆಯ ಐರನ್ ಕ್ರಾಸ್ ಅನ್ನು ನೇರವಾಗಿ ಎದೆಗೇ ಸಿಕ್ಕಿಸುತ್ತಿದ್ದರು. ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಪದಕಗಳ ಕ್ರಮಕ್ಕೂ ನಿಯಮವಿತ್ತು: ಮೇಲಿನ ಪದಕ ನೋಡುವವರ ಎಡತುದಿಯಲ್ಲಿ, ವಿದೇಶಿ ಪದಕಗಳು ಕೊನೆಯಲ್ಲಿ. ಆದರೆ ಸೈನಿಕರೇ ಈ ನಿಯಮವನ್ನು ಎಷ್ಟೋ ಸಲ ಮೀರಿದ್ದಾರೆ. ಕ್ರಮ ತಪ್ಪಿದೆ ಎಂಬ ಒಂದೇ ಕಾರಣಕ್ಕೆ ಪಟ್ಟಿಯನ್ನು ತಳ್ಳಿಹಾಕುವುದು ಅವಸರದ ತೀರ್ಪು.

ನಿಜವಾದ ಪರೀಕ್ಷೆ ಇರುವುದು ಹಿಂಬದಿಯಲ್ಲಿ. ತಗಡು, ಅದನ್ನು ಮುಚ್ಚಿದ ಉಣ್ಣೆ ಬಟ್ಟೆ, ಪಿನ್ನು, ಕೊಕ್ಕೆ, ಹೊಲಿಗೆ ಎಲ್ಲವೂ ಒಟ್ಟಿಗೆ ಹಳೆಯದಾಗಿರಬೇಕು. ಹಳೆಯ ಬಟ್ಟೆಯಲ್ಲಿ ಹೊಲಿಗೆಯ ಹಳೆ ತೂತುಗಳು ಖಾಲಿಯಿದ್ದು ಪಕ್ಕದಲ್ಲಿ ಹೊಸ ದಾರ ಹಾದುಹೋಗಿದ್ದರೆ ಯಾರೋ ಬಿಚ್ಚಿ ಮತ್ತೆ ಕಟ್ಟಿದ್ದಾರೆ ಎಂದರ್ಥ. ನೇರಳಾತೀತ ದೀಪದ ಕೆಳಗೆ ದಾರ ನೀಲಿಬಿಳಿಯಾಗಿ ಹೊಳೆದರೆ ಅನುಮಾನ ಬಲವಾಗುತ್ತದೆ, ಏಕೆಂದರೆ ಆ ಹೊಳಪು ಕೊಡುವ ರಾಸಾಯನಿಕಗಳು ಬಳಕೆಗೆ ಬಂದದ್ದು ಬಹುಮಟ್ಟಿಗೆ ಎರಡನೇ ಮಹಾಯುದ್ಧದ ನಂತರ. ಆದರೂ ಮುಂದೆಂದೋ ಸೋಪಿನ ಪುಡಿಯಲ್ಲಿ ತೊಳೆದ ಹಳೆಯ ಬಟ್ಟೆಯೂ ಹಾಗೇ ಹೊಳೆಯುತ್ತದೆ. ಹೊಳೆಯದ ಮಾತ್ರಕ್ಕೆ ಅಸಲಿ ಎನ್ನುವಂತೆಯೂ ಇಲ್ಲ. ಹಳೆಯ ದಾರದ ಉರುಳೆಗಳು ನಕಲಿ ಮಾಡುವವರ ಕೈಗೂ ಸಿಗುತ್ತವೆ.

ನಕಲು ಮಾಡಲು ತೀರಾ ಕಷ್ಟವಾದದ್ದು ಸವೆತ. ವರ್ಷಗಟ್ಟಲೆ ಒಟ್ಟಿಗಿದ್ದ ಪದಕಗಳ ಅಂಚು ಒಂದಕ್ಕೊಂದು ತಾಗಿ ಉಜ್ಜಿರುತ್ತದೆ, ರಿಬ್ಬನ್ನಿನ ಮೇಲೆ ಅವುಗಳ ಅಚ್ಚು ಮೂಡಿರುತ್ತದೆ. ಬೆಳಕು ಬಿದ್ದ ಕಡೆ ಬಣ್ಣ ಮಾಸಿ, ಮಡಿಕೆಯೊಳಗೆ ಗಾಢವಾಗಿಯೇ ಉಳಿದಿರುತ್ತದೆ. ಉಜ್ಜಿದ ಗುರುತು ಒಂದು ಪದಕದ ಮೇಲಿದ್ದು, ಅದಕ್ಕೆ ತಾಗುವ ಪಕ್ಕದ ಪದಕದ ಮೇಲೆ ಇಲ್ಲದಿದ್ದರೆ ಅವೆರಡೂ ಬಹುಕಾಲ ಜೊತೆಗಿರಲಿಲ್ಲ.

ಕೊನೆಯದು ದಾಖಲೆ. ಆಗಿನ ಜರ್ಮನಿಯ ದೊಡ್ಡ ರಾಜ್ಯವಾದ ಪ್ರಷ್ಯಾ ತನ್ನ ಸೇನಾಧಿಕಾರಿಗಳ ದರ್ಜೆಪಟ್ಟಿಯನ್ನು 1914ರವರೆಗೂ ಅಚ್ಚುಹಾಕಿಸುತ್ತಿತ್ತು. ಹೆಸರಿನ ಮುಂದೆ ಅವರಿಗೆ ಸಂದ ಗೌರವಗಳೂ ಇರುತ್ತಿದ್ದವು. ಅಪರೂಪದ ಜೋಡಣೆಯಾದರೆ ಆ ದರ್ಜೆಪಟ್ಟಿಯ ಮೂಲಕ ಪದಕಪಟ್ಟಿಯ ಒಡೆಯನ ಹೆಸರನ್ನೇ ಹುಡುಕಿ ತೆಗೆಯಬಹುದು. ಸಾಮಾನ್ಯ ಸೈನಿಕರ ವಿಷಯದಲ್ಲಿ ಇದು ಕಷ್ಟ. ಬವೇರಿಯಾದ ಸೇನಾ ದಾಖಲೆಗಳು ಮ್ಯೂನಿಕ್‌ನಲ್ಲಿ ಉಳಿದಿವೆ. ಪ್ರಷ್ಯಾದವುಗಳಲ್ಲಿ ಬಹುಪಾಲು 1945ರ ಏಪ್ರಿಲ್‌ನಲ್ಲಿ ಪೋಟ್ಸ್‌ಡಾಮ್ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು. ರಣರಂಗದವರ ಹಿಂಡೆನ್‌ಬರ್ಗ್ ಕ್ರಾಸ್ ಪಡೆದವರೇ 60 ಲಕ್ಷಕ್ಕೂ ಹೆಚ್ಚು. ಹೀಗಾಗಿ ಐರನ್ ಕ್ರಾಸ್ ಮತ್ತು ಅದು, ಇವೆರಡೇ ಇರುವ ಪ್ರಷ್ಯನ್ ಪಟ್ಟಿಗೆ ಕಾಗದದ ಆಧಾರ ಸಿಗುವುದು ಅಪರೂಪ. ಬಟ್ಟೆ, ದಾರ, ಸವೆತಗಳನ್ನು ನೋಡಿಯೇ ತೀರ್ಮಾನಿಸಬೇಕಾಗುತ್ತದೆ.